ನಿಮಗಿದು ಗೊತ್ತೇ? ಎರಿ ಹೊಲದ ಹಾಡುಗಾರನ ಕಿವಿ ಇರುವುದು ಮೊಣಕಾಲಿನ ಕೆಳಗೆ!

ವಿಜಯಪುರ ಬಿಟ್ಟು ತಿಕೋಟಾ ರಸ್ತೆಗೆ ಹೊರಳಿ. ಇಲ್ಲವೇ ಬಬಲೇಶ್ವರದ ದಾರಿ ಹಿಡಿಯಿರಿ. ಮಳೆ ಬಿದ್ದು ನಾಲ್ಕು ದಿನ ಆಗಿರಲಿ, ಹೊತ್ತು ಮುಳುಗಿ ತಾಸಾಗಿರಲಿ. ಬೈಕ್ ಬಂದ್ ಮಾಡಿ ಕಿವಿಗೊಡಿ. ಕ್ರೀ... ಕ್ರೀ... ಕ್ರೀ... ಅದೇ ಹೊಲದ ಜೀರುಂಡೆ! ಹಗಲಲ್ಲಿ ಮರ ಹಿಡಿದು ಕೂತು ಅರಚುವ ಮಲೆನಾಡಿನ ಸಿಕಾಡ ಬೇರೆ, ಇದು ಬೇರೆ. ಇದು ಪಕ್ಕಾ ನೆಲದ ಗಿರಾಕಿ.

ಗುರುತು ಹಿಡಿಯುವುದು ಬಹಳ ಸುಲಭ. ಮಿರಿಮಿರಿ ಕಪ್ಪು ಮೈ. ಎರಡೂವರೆಯಿಂದ ಮೂರು ಸೆಂಟಿಮೀಟರ್ ಉದ್ದ. ರೆಕ್ಕೆಯ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು, ಎರಡು ಹಳದಿ ಚುಕ್ಕೆ. 1773ರಲ್ಲಿ ಸ್ವೀಡನ್ನಿನ ಡಿ ಗೀರ್ ಎಂಬ ಕೀಟತಜ್ಞ ಇದಕ್ಕೆ ಗ್ರಿಲ್ಲಸ್ ಬೈಮ್ಯಾಕುಲೇಟಸ್ ಎಂದು ಹೆಸರಿಟ್ಟರು. ಇಷ್ಟುದ್ದದ ಹೆಸರು, ಅಷ್ಟೇ ಅಷ್ಟು ಹುಳು!

ಇದು ನಮ್ಮ ಊರಿನದ್ದಷ್ಟೇ ಅಲ್ಲ. ಆಫ್ರಿಕಾದಲ್ಲಿ ಇದೆ, ದಕ್ಷಿಣ ಯುರೋಪಿನಲ್ಲಿ ಇದೆ, ಏಷ್ಯಾದ ಉದ್ದಗಲಕ್ಕೂ ಇದೆ. ಸಾರವಾಡದ ಡೋಣಿ ದಂಡೆಯಲ್ಲಿ ಕೇಳಿದ ಹಾಡನ್ನೇ ನೀವು ಸ್ಪೇನಿನಲ್ಲೂ ಕೇಳಬಹುದು!

ಇನ್ನು ಹಾಡು. ಅದು ಬಾಯಿಂದ ಬರುವುದೇ ಇಲ್ಲ! ಜೀರುಂಡೆಗೆ ಗಂಟಲಿಲ್ಲ, ಶ್ವಾಸಕೋಶವೂ ಇಲ್ಲ. ಹೊಟ್ಟೆ, ಎದೆಯ ಪಕ್ಕದ ಸಣ್ಣ ಸಣ್ಣ ತೂತುಗಳಿಂದ ಉಸಿರಾಡುವ ಜೀವ ಇದು. ಹಾಡುವುದೆಲ್ಲ ರೆಕ್ಕೆಯಿಂದ.

ಕಾಲು ತಿಕ್ಕಿ ಸದ್ದು ಮಾಡುತ್ತದೆ ಅಂತ ಹೇಳುವವರೂ ಇದ್ದಾರೆ. ಅದು ಕೆಲವು ಮಿಡತೆಗಳ ವಿದ್ಯೆ. ಜೀರುಂಡೆಯ ಬಲರೆಕ್ಕೆಯ ಅಡಿಯಲ್ಲಿ ಒಂದು ನರ ಇದೆ. ಅದರ ಮೇಲೆ ಹಲ್ಲುಗಳ ಸಾಲು. ನೂರಕ್ಕೂ ಹೆಚ್ಚು ಹಲ್ಲು! ಎಡರೆಕ್ಕೆಯ ಅಂಚು ಗಟ್ಟಿ, ಚೂಪು. ಆ ಅಂಚು ಈ ಹಲ್ಲುಗಳ ಮೇಲೆ ಸರ್ರನೆ ಹಾಯುತ್ತದೆ. ಒಂದೊಂದು ಹಲ್ಲು ತಾಗಿದಾಗಲೂ ರೆಕ್ಕೆಯ ತೆಳು ಪೊರೆ ಒಮ್ಮೆ ಕಂಪಿಸುತ್ತದೆ. ಅಷ್ಟೇ ನೋಡಿ, ಹಾಡು ತಯಾರು!

ಇನ್ನೊಂದು ತಮಾಷೆ. ಸದ್ದು ಹುಟ್ಟುವುದು ರೆಕ್ಕೆ ಮುಚ್ಚುವಾಗ ಮಾತ್ರ. ತೆರೆಯುವಾಗ ಗಪ್‌ಚಿಪ್!

ಬಲರೆಕ್ಕೆ ಮೇಲೆ, ಎಡರೆಕ್ಕೆ ಕೆಳಗೆ. ಹೆಚ್ಚುಕಡಿಮೆ ಎಲ್ಲ ಜೀರುಂಡೆಗಳದ್ದೂ ಇದೇ ಪದ್ಧತಿ. ಇದರ ದಾಯಾದಿ ಹಸಿರು ಕೀಟಗಳಿವೆಯಲ್ಲ, ಎಲೆಯಂಥ ರೆಕ್ಕೆಯ ಉದ್ದ ಮೀಸೆಯವು? ಅವುಗಳಲ್ಲಿ ಎಡ ಮೇಲೆ, ಬಲ ಕೆಳಗೆ. ಯಾಕೆ ಹಾಗೆ ಅಂತ ತಲೆ ಕೆಡಿಸಿಕೊಳ್ಳುವ ಕೆಲಸ ವಿಜ್ಞಾನಿಗಳಿಗಿರಲಿ, ನಾವು ಮುಂದೆ ಹೋಗೋಣ.

ಎಷ್ಟು ಸಲ ರೆಕ್ಕೆ ಬಡಿಯುತ್ತದೆ? ಲೆಕ್ಕ ಹಾಕಿ. ಒಂದು ಕ್ರೀ ಅಂದರೆ ಮೂರೋ ನಾಲ್ಕೋ ಬಡಿತ. ಸೆಕೆಂಡಿಗೆ ಎರಡು ಕ್ರೀ, ಒಂದಕ್ಕೆ ನಾಲ್ಕು ಬಡಿತ ಅಂತ ಹಿಡಿದರೂ ಒಂದು ತಾಸಿಗೆ 28,800! ಹುಳು ಹಾಡುವುದು ಒಂದೇ ತಾಸಲ್ಲ ಮತ್ತೆ.

ಪಿಯಾನೊದ ಕೊನೆಯ ಮನೆ ಒತ್ತಿ. ಅದಕ್ಕಿಂತ ಎತ್ತರದ ಸ್ವರ ಪಿಯಾನೊದಲ್ಲಿಲ್ಲ. ಸೆಕೆಂಡಿಗೆ 4186 ಕಂಪನ. ನಮ್ಮ ಜೀರುಂಡೆ ಹಿಡಿಯುವ ಶ್ರುತಿ 5000ದ ಆಸುಪಾಸು. ಪಿಯಾನೊ ಸೋತಿತು!

ಗೋಳಗುಮ್ಮಟ ಗೊತ್ತಲ್ಲ? 1656ರಲ್ಲಿ ಮುಗಿದ ಕಟ್ಟಡ, ಹೊರಗಿನಿಂದ ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟ. ಅದರ ಗ್ಯಾಲರಿಯಲ್ಲಿ ಪಿಸುಗುಟ್ಟಿದರೆ 38 ಮೀಟರ್ ಆಚೆ ನಿಂತವರಿಗೆ ಕೇಳುತ್ತದೆ, ಶಾಲೆ ಮಕ್ಕಳೆಲ್ಲ ಸಾಲುಗಟ್ಟಿ ನಿಂತು ಚೀರಿ ನೋಡುವುದು ಅದಕ್ಕೇ. ಗುಮ್ಮಟವೇ ಇಲ್ಲದ ಬಯಲಿನಲ್ಲಿ ಈ ಹುಳುವಿನ ದನಿ ಹತ್ತಾರು ಮೀಟರ್ ದೂರ ಆರಾಮಾಗಿ ಹೋಗುತ್ತದೆ. ಎರಡು ಒಣ ರೆಕ್ಕೆ ಸಾಕು!

ಗುಮ್ಮಟದ ಮಾತು ಬಂತು, ಇದನ್ನೂ ಕೇಳಿ. ಅದು ಕಟ್ಟಿದ್ದು ಈ ನಾಡಿನ ಕರಿಗಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾ ತಣ್ಣಗಾಗಿ ಆದ ಕಲ್ಲು ಅದು. ಕೀಟಗಳ ರೆಕ್ಕೆಹಾಡು ಅದಕ್ಕಿಂತಲೂ ಹಳೆಯದು! ಚೀನಾದಲ್ಲಿ ಸಿಕ್ಕ ಜೀರುಂಡೆಯ ದೂರದ ನೆಂಟನೊಂದರ ಪಳೆಯುಳಿಕೆಗೆ 16.5 ಕೋಟಿ ವರ್ಷ. ರೆಕ್ಕೆಯ ಹಲ್ಲುಗಳು ಕಲ್ಲಿನಲ್ಲಿ ಅಷ್ಟು ಚೆನ್ನಾಗಿ ಮೂಡಿದ್ದವು. ಅವನ್ನು ಅಳೆದು 2012ರಲ್ಲಿ ವಿಜ್ಞಾನಿಗಳು ಆ ಹಾಡನ್ನೇ ಮತ್ತೆ ಕಟ್ಟಿ ಕೇಳಿಸಿದರು. ಸ್ವರ 6400 ಹರ್ಟ್ಸ್. ಡೈನೋಸಾರ್ ಕೇಳಿದ ಹಾಡು, ನಮ್ಮ ಕಂಪ್ಯೂಟರಿನಲ್ಲಿ!

ಹಾಡುವುದು ಗಂಡು ಮಾತ್ರ. ಹೆಣ್ಣಿನ ರೆಕ್ಕೆಯಲ್ಲಿ ಆ ಹಲ್ಲಿನ ಸಲಕರಣೆಯೇ ಇಲ್ಲ. ಹೊಲ ತುಂಬ ಕೇಳುವುದೆಲ್ಲ ಗಂಡಸರ ಗದ್ದಲ!

ಒಂದೇ ಹಾಡಲ್ಲ, ಮೂರು. ದೂರದ ಹೆಣ್ಣಿಗೆ ಕೇಳುವಂತೆ ಗಟ್ಟಿಯಾಗಿ ಹಾಡುವುದು ಕರೆಯುವ ಹಾಡು. ಹೆಣ್ಣು ಹತ್ತಿರ ಬಂದ ಕೂಡಲೇ ರಾಗ ಬದಲು. ಮೆಲ್ಲಗೆ, ಇನ್ನೂ ಎತ್ತರದ ಶ್ರುತಿಯಲ್ಲಿ ಒಲಿಸುವ ಹಾಡು. ಇನ್ನೊಂದು ಗಂಡು ಎದುರಾದರೆ? ಉದ್ದುದ್ದ ಕರ್ಕಶ ಕೂಗು, ಅದು ಜಗಳದ ಹಾಡು. ಗುರುವಿಲ್ಲ, ಪಾಠವಿಲ್ಲ. ಒಂಟಿಯಾಗಿ ಬೆಳೆದ ಗಂಡಿಗೂ ಹಾಡು ಹುಟ್ಟಿನಿಂದಲೇ ಬರುತ್ತದೆ!

ಟಾರ್ಚ್ ಹಿಡಿದು ಹುಡುಕಲು ಹೊರಟಿದ್ದೀರಾ? ಸಿಗುವುದು ಕಷ್ಟ! ಎಡಕ್ಕೆ ಕೇಳಿದಂತಾಗುತ್ತದೆ, ಹೋದರೆ ಬಲಕ್ಕೆ. ತಪ್ಪು ನಿಮ್ಮದಲ್ಲ. ಸದ್ದು ಎಲ್ಲಿಂದ ಬಂತು ಎಂದು ಪತ್ತೆ ಹಚ್ಚುವುದರಲ್ಲಿ ಮನುಷ್ಯನ ಕಿವಿ ಎಡವುವುದೇ ಈ ಬಗೆಯ ಸ್ವರಗಳಲ್ಲಿ. ಇನ್ನೆರಡು ಹೆಜ್ಜೆ ಮುಂದಿಡಿ, ಹಾಡು ಟಕ್ಕನೆ ಬಂದ್! ನಿಮ್ಮ ಹೆಜ್ಜೆಯ ಕಂಪನ ಅದರ ಕಾಲಿಗೆ ತಲುಪಿ ಆಯಿತು.

ಮನೆಯ ಹಿರಿಯರನ್ನು ಕೇಳಿ ನೋಡಿ. ಮೊಮ್ಮಗನಿಗೆ ಕಿವಿ ಗುಂಯ್‌ಗುಡುವಷ್ಟು ಕೇಳುವ ಜೀರುಂಡೆ ಅಜ್ಜನಿಗೆ ಕೇಳಿಸದೇ ಇರಬಹುದು. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಎತ್ತರದ ಸ್ವರಗಳನ್ನೇ. ಅಜ್ಜ ‘ಎಲ್ಲೈತೋ ಜೀರುಂಡಿ?’ ಅಂದರೆ ಚೇಷ್ಟೆ ಅಂದುಕೊಳ್ಳಬೇಡಿ!

ಹಳೆಯ ಲ್ಯಾಂಡ್‌ಲೈನ್ ಫೋನಿಗೂ ಅಜ್ಜನದೇ ಪಾಡು. ಅದು ದಾಟಿಸುತ್ತಿದ್ದುದು 300ರಿಂದ 3400 ಹರ್ಟ್ಸ್ ನಡುವಿನ ದನಿಯನ್ನಷ್ಟೇ. ಕಿಟಕಿಯಾಚೆ ಎಷ್ಟೇ ಜೀರುಂಡೆ ಕೂಗಲಿ, ಪುಣೆಯಲ್ಲಿರುವ ಮಗನಿಗೆ ತಾಯಿಯ ಮಾತು ಹೋಗುತ್ತಿತ್ತು, ಹುಳುವಿನ ಹಾಡು ಹೋಗುತ್ತಿರಲಿಲ್ಲ!

ಆದರೆ ಫೋನಿನಲ್ಲಿ ಹಾಡಿ ಹೆಣ್ಣನ್ನು ಕರೆದ ಜೀರುಂಡೆ ಒಂದಿದೆ! ಇವಾನ್ ರೇಗನ್ ಎಂಬ ಸ್ಲೊವೇನಿಯಾ ಮೂಲದ ಜೀವಶಾಸ್ತ್ರಜ್ಞ ವಿಯೆನ್ನಾದಲ್ಲಿ ಮಾಡಿದ ಪ್ರಯೋಗ ಇದು, ಪ್ರಕಟವಾದದ್ದು 1913ರಲ್ಲಿ. ಹೆಣ್ಣು ಜೀರುಂಡೆ ಗಂಡಿನ ಬಳಿ ಹೋಗುವುದು ವಾಸನೆ ಹಿಡಿದೋ, ಕಣ್ಣಿಂದ ನೋಡಿಯೋ, ಹಾಡು ಕೇಳಿಯೋ? ರೇಗನ್ ಏನು ಮಾಡಿದರು ಗೊತ್ತೇ? ಗಂಡನ್ನು ಒಂದು ಕೋಣೆಯಲ್ಲಿ ಟೆಲಿಫೋನಿನ ಮುಂದೆ ಬಿಟ್ಟರು. ಹೆಣ್ಣನ್ನು ಇನ್ನೊಂದು ಕಡೆ ರಿಸೀವರ್ ಹತ್ತಿರ ಬಿಟ್ಟರು. ನಡುವೆ ಬರೀ ತಂತಿ. ಗಂಡು ಹಾಡಿತು. ಹೆಣ್ಣು ಸೀದಾ ನಡೆದು ರಿಸೀವರ್ ಬಳಿ ಬಂತು! ಅಲ್ಲಿ ವಾಸನೆ ಇಲ್ಲ, ಗಂಡೂ ಇಲ್ಲ, ಇದ್ದದ್ದು ಹಾಡು ಮಾತ್ರ. ರೇಗನ್ ಸಾಹೇಬರ ಕೀಟ ನಮ್ಮದರ ಯುರೋಪಿನ ಸೋದರ ಪ್ರಭೇದ. ಜೀರುಂಡೆಯ ಲೋಕದ ಮೊದಲ ಫೋನ್ ಕಾಲ್ ಇದೇ ಇರಬೇಕು!

ಆ ಹೆಣ್ಣು ಕೇಳಿದ್ದು ಎಲ್ಲಿಂದ? ಕಾಲಿನಿಂದ! ಜೀರುಂಡೆಯ ಕಿವಿ ಇರುವುದು ಮುಂದಿನ ಎರಡು ಕಾಲುಗಳಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ. ಸತ್ತ ಜೀರುಂಡೆ ಸಿಕ್ಕರೆ ಭೂತಗನ್ನಡಿ ಹಿಡಿದು ನೋಡಿ. ಕರಿ ಕಾಲಿನ ಹೊರಬದಿಯಲ್ಲಿ ಬೆಳ್ಳಗೆ ಹೊಳೆಯುವ, ಮೊಟ್ಟೆಯಾಕಾರದ ಒಂದು ಪುಟ್ಟ ಪೊರೆ ಕಾಣುತ್ತದೆ. ಅದೇ ಕಿವಿತಮಟೆ. ಒಳಬದಿಯಲ್ಲಿ ಇನ್ನೊಂದು, ಇನ್ನೂ ಚಿಕ್ಕದು.

ಕಿವಿಗೂ ಕಿವಿಗೂ ನಡುವೆ ಅಂತರ ಒಂದು ಸೆಂಟಿಮೀಟರಿನಷ್ಟು. ಅಷ್ಟು ದೂರ ದಾಟಲು ಸದ್ದಿಗೆ ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಬರೀ ಮೂವತ್ತು! ಇಷ್ಟು ಚಿಕ್ಕ ವ್ಯತ್ಯಾಸದಲ್ಲಿ ಎಡ ಯಾವುದು, ಬಲ ಯಾವುದು ಅಂತ ತಿಳಿಯುವುದು ಹೇಗೆ? ಮೈಯೊಳಗೆ ಒಂದು ಗುಟ್ಟಿನ ದಾರಿ ಇದೆ. ಎರಡೂ ಕಾಲಿನ ಕಿವಿಗಳನ್ನು ಗಾಳಿಕೊಳವೆಯೊಂದು ಎದೆಯ ಮೂಲಕ ಜೋಡಿಸುತ್ತದೆ. ಕಿವಿತಮಟೆಗೆ ಹೊರಗಿನಿಂದಲೂ ಸದ್ದು ಬಡಿಯುತ್ತದೆ, ಒಳಗಿನಿಂದಲೂ ಬಡಿಯುತ್ತದೆ! ಆ ಎರಡರ ತಿಕ್ಕಾಟದಲ್ಲೇ ದಿಕ್ಕು ಗೊತ್ತಾಗುತ್ತದೆ. ಎಷ್ಟು ಕರಾರುವಾಕ್ಕು ಅಂದರೆ, ಹಾಡು ಒಂದೆರಡು ಡಿಗ್ರಿ ಅತ್ತಿತ್ತ ಸರಿದರೂ ಹೆಣ್ಣು ಆ ಕಡೆಗೇ ತಿರುಗುತ್ತದೆ.

ಇದು ನನ್ನ ಜಾತಿಯ ಗಂಡಿನದೇ ಹಾಡು ಅಂತ ಗುರುತಿಸಲು ಹೆಣ್ಣಿನ ಮಿದುಳಿಗೆ ಎಷ್ಟು ನರಕೋಶ ಬೇಕು ಹೇಳಿ? ಲಕ್ಷ? ಸಾವಿರ? ಕೇಂಬ್ರಿಜ್‌ನಲ್ಲಿ ನಮ್ಮ ಈ ಎರಡು ಚುಕ್ಕೆಯ ಜೀರುಂಡೆಯನ್ನೇ ಇಟ್ಟುಕೊಂಡು ನೋಡಿದರು. 2015ರಲ್ಲಿ ಉತ್ತರ ಬಂತು. ಐದು ನರಕೋಶಗಳ ಒಂದು ಜಾಲ! ಐದೇ ಐದು!

ಕಿವಿಯ ಪಕ್ಕದಲ್ಲೇ ಇಷ್ಟು ಜೋರಾಗಿ ಕೂಗಿಕೊಂಡರೆ ಗಂಡಿಗೆ ತನ್ನ ಹಾಡಿನಿಂದಲೇ ಕಿವುಡು ಬರಬೇಡವೇ? ಬರುವುದಿಲ್ಲ. ರೆಕ್ಕೆ ಬಡಿಯುವ ಆ ಕ್ಷಣದಲ್ಲಷ್ಟೇ ಮಿದುಳಿಗೆ ಹೋಗುವ ಕಿವಿಯ ಸುದ್ದಿಯನ್ನು ಒಂದು ವಿಶೇಷ ನರಕೋಶ ತಡೆಹಿಡಿಯುತ್ತದೆ. ಬಡಿತ ನಿಂತ ಕೂಡಲೇ ದಾರಿ ಮತ್ತೆ ಖುಲ್ಲಾ. ಎರಡು ಕ್ರೀಗಳ ನಡುವಿನ ಬಿಡುವಿನಲ್ಲಿ ಅದು ಸುತ್ತಲಿನದ್ದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇರುತ್ತದೆ! ನನಗಂತೂ ಈ ಹುಳುವಿನ ಸೋಜಿಗಗಳಲ್ಲೆಲ್ಲ ಇದೇ ದೊಡ್ಡದು.

ಮನೆ ಎಲ್ಲಿ? ನಮ್ಮ ಎರಿ ಭೂಮಿಯೇ ಅರಮನೆ! ಬೇಸಿಗೆಯಲ್ಲಿ ಎರಿ ಹೊಲ ಬಾಯಿ ಬಿಡುವುದು ನೋಡಿದ್ದೀರಲ್ಲ? ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಹಾಗಾಗಿ ಅರ್ಧ ಮೀಟರಿಗೂ ಆಳದ ಬಿರುಕು ಬೀಳುತ್ತವೆ. ಮೇಲೆ 40 ಡಿಗ್ರಿ ಬಿಸಿಲು ಸುರಿಯುತ್ತಿದ್ದರೂ ಬಿರುಕಿನ ತಳದಲ್ಲಿ ತಂಪು. ಅಗೆಯುವ ಕಷ್ಟವೇ ಇಲ್ಲದೆ ಮನೆ ಸಿಕ್ಕಿತು!

ಬಿರುಕಿಲ್ಲದ ಕಡೆ ಹೆಂಟೆಯ ಅಡಿ, ಬದುವಿನ ಕಲ್ಲಿನ ಸಂದಿ, ಕಣಿಕೆ ಬಣವೆಯ ಬುಡ, ಕಸದ ರಾಶಿ. ಹಗಲೆಲ್ಲ ಅಲ್ಲಿ ಮಲಗಿ, ಕತ್ತಲಾದ ಮೇಲೆ ಡ್ಯೂಟಿ!

ವಿಜಯಪುರ ಶಹರದವರೂ ಬೇಸರಪಡಬೇಕಿಲ್ಲ. ಈ ಜೀರುಂಡೆಗೆ ದೀಪದ ಹುಚ್ಚು. ರಾತ್ರಿ ಪೆಟ್ರೋಲ್ ಪಂಪಿನ ಬೆಳಕಿಗೆ, ಬೀದಿದೀಪಕ್ಕೆ, ನಿಮ್ಮ ಮನೆಯ ಮುಂದಿನ ಟ್ಯೂಬ್‌ಲೈಟಿಗೆ ಹಾರಿ ಬರುತ್ತದೆ. ಬೆಳಗ್ಗೆ ಚಪ್ಪಲಿಯೊಳಗೆ ಕರಿ ಹುಳು ಕಂಡು ಚೀರಿದ್ದೀರಾ? ಅದೇ ಅತಿಥಿ! ವಿಷವಿಲ್ಲ ಬಿಡಿ. ಕಾಗದದ ತುಂಡಿನ ಮೇಲೆ ಎತ್ತಿ ಹೊರಗೆ ಬಿಟ್ಟರಾಯಿತು.

ಹಾರಿ ಬಂದ ಮೇಲೆ ಏನು ಮಾಡುತ್ತದೆ ಗೊತ್ತೇ? ತನ್ನ ಹಿಂದಿನ ರೆಕ್ಕೆಗಳನ್ನು ತಾನೇ ಉದುರಿಸಿಕೊಳ್ಳುತ್ತದೆ! ಹಾರಾಟದ ಸ್ನಾಯು ಮೆಲ್ಲಗೆ ಕರಗುತ್ತದೆ. ಹೆಣ್ಣಿನಲ್ಲಿ ಆ ಶಕ್ತಿಯೆಲ್ಲ ಮೊಟ್ಟೆ ಬೆಳೆಸಲು ಹೋಗುತ್ತದೆ. ವಿಮಾನ ಬಿಚ್ಚಿ ತೊಟ್ಟಿಲು ಕಟ್ಟುವ ಜಾಣೆ!

ಏನು ತಿನ್ನುತ್ತದೆ? ಏನು ತಿನ್ನುವುದಿಲ್ಲ ಅಂತ ಕೇಳಿ! ಎಲೆ, ಬೀಜ, ಉದುರಿದ ಹಣ್ಣು, ಸತ್ತ ಹುಳು, ಹಸಿವಾದರೆ ತನ್ನ ಬಳಗವನ್ನೇ. ರೈತರಿಗೆ ಸಿಟ್ಟು ಬರುವುದು ಎಳೆ ಸಸಿಯನ್ನು ಬುಡಕ್ಕೇ ಕತ್ತರಿಸಿ ಮಲಗಿಸಿದಾಗ. ಇದೇ ಬಳಗದ ಹುಳುಗಳು ಕಳೆಯ ಬೀಜವನ್ನೂ ತಿನ್ನುತ್ತವೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮದುವೆ ಪದ್ಧತಿ ಕೇಳಿ. ಹಾಡಿ ಕರೆದದ್ದು ಗಂಡಾದರೂ ಬೆನ್ನೇರುವುದು ಹೆಣ್ಣು! ಗಂಡು ವೀರ್ಯ ತುಂಬಿದ ಒಂದು ಪುಟ್ಟ ಚೀಲವನ್ನು ಹೆಣ್ಣಿನ ಮೈಗೆ ಅಂಟಿಸುತ್ತದೆ. ಚೀಲ ಹೊರಗೇ ತೂಗುತ್ತಿರುತ್ತದೆ, ವೀರ್ಯ ನಿಧಾನವಾಗಿ ಒಳಗೆ ಇಳಿಯುತ್ತದೆ. ಆಮೇಲೆ? ಖಾಲಿ ಚೀಲವನ್ನು ಹೆಣ್ಣು ಕಿತ್ತು ತಿಂದುಬಿಡುತ್ತದೆ! ಬೇಗ ತಿಂದರೆ ಗಂಡಿಗೆ ನಷ್ಟ. ಅದಕ್ಕೇ ಗಂಡು ಪಕ್ಕದಲ್ಲೇ ಕಾವಲು ನಿಂತಿರುತ್ತದೆ.

ಹೆಣ್ಣಿನ ಹಿಂಬದಿಗೆ ಸೂಜಿಯಂತೆ ಚಾಚಿದ ಉದ್ದ ಕೊಳವೆ ಇರುತ್ತದೆ. ಕಚ್ಚುವ ಕೊಂಡಿ ಅಂತ ಹೆದರಬೇಡಿ, ಅದು ಮೊಟ್ಟೆ ಇಡುವ ಅಂಗ. ಹಸಿ ಮಣ್ಣಿಗೆ ಅದನ್ನು ಚುಚ್ಚಿ ಒಂದೊಂದೇ ಮೊಟ್ಟೆ ಇಳಿಸುತ್ತದೆ. ಇಡೀ ಆಯುಷ್ಯಕ್ಕೆ ನೂರಾರು ಮೊಟ್ಟೆ, ಮೇವು ಚೆನ್ನಾಗಿ ಸಿಕ್ಕರೆ ಸಾವಿರವನ್ನೂ ದಾಟೀತು!

ಮಣ್ಣು ಹಸಿಯೇ ಆಗಿರಬೇಕು. ಬೇಸಿಗೆಯ ವಿಜಯಪುರದಲ್ಲಿ ಹಸಿ ಮಣ್ಣು ಎಲ್ಲಿಂದ ತರುವುದು? ತಿಕೋಟಾ ಕಡೆಯ ದ್ರಾಕ್ಷಿ ಪಡಗಳಲ್ಲಿ ಡ್ರಿಪ್ ಪೈಪಿನ ಕೆಳಗೆ ಇಣುಕಿ ನೋಡಿ. ಸುತ್ತಲೆಲ್ಲ ಸುಡುವ ನೆಲ, ಅಲ್ಲಿ ಮಾತ್ರ ಒದ್ದೆ!

ಇಟ್ಟ ಮೊಟ್ಟೆ ಬೆಳೆಯುತ್ತದೆ! ಹೌದು, ಮೊಟ್ಟೆಯೇ. ಅಕ್ಕಿಕಾಳಿಗಿಂತ ಸಣ್ಣ, ಹಳದಿ ಬಣ್ಣದ ಮೊಟ್ಟೆ ಮಣ್ಣಿನ ನೀರು ಹೀರಿ ದಪ್ಪಗಾಗುತ್ತದೆ. ಕೋಳಿ ಮೊಟ್ಟೆಗೆ ಈ ವಿದ್ಯೆ ಬರುವುದಿಲ್ಲ.

ಬೆಚ್ಚಗಿನ ನೆಲದಲ್ಲಿ ಹೆಚ್ಚುಕಡಿಮೆ ಎರಡು ವಾರದೊಳಗೆ ಮರಿ ಹೊರಗೆ. ಚಿಟ್ಟೆಯ ಹಾಗೆ ಕಂಬಳಿಹುಳು, ಗೂಡು ಅಂತೆಲ್ಲ ಹಂತಗಳಿಲ್ಲ. ಹುಟ್ಟಿದ್ದೇ ಪುಟಾಣಿ ಜೀರುಂಡೆ, ಇರುವೆಯಷ್ಟು ಚಿಕ್ಕದು. ಎಲ್ಲ ಇದೆ, ರೆಕ್ಕೆ ಒಂದಿಲ್ಲ!

ದೊಡ್ಡದಾಗಬೇಕಾದರೆ ಹಳೆಯ ತೊಗಲು ಬಿಡಬೇಕು. ಎಂಟರಿಂದ ಹತ್ತು ಸಲ! ಪ್ರತಿ ಸಲವೂ ಬೆನ್ನು ಸೀಳಿಕೊಂಡು ಹೊರಬರುತ್ತದೆ. ಆಗ ನೋಡಬೇಕು ಅದನ್ನು. ಕರಿ ಹುಳು ಹಾಲಿನ ಬಿಳುಪು! ಮೈ ಮೆತ್ತಗೆ, ಕಾಲು ನಿಲ್ಲುವುದಿಲ್ಲ, ಯಾರು ಬೇಕಾದರೂ ತಿಂದು ಹಾಕಬಹುದು. ಸ್ವಲ್ಪ ಹೊತ್ತಿಗೆ ಕಂದು, ಆಮೇಲೆ ಮತ್ತೆ ಕಪ್ಪು. ಬಿಟ್ಟ ತೊಗಲನ್ನು ಅನೇಕ ಸಲ ತಾನೇ ತಿಂದು ಮುಗಿಸುತ್ತದೆ. ದಂಡ ಮಾಡುವ ಮಾತೇ ಇಲ್ಲ!

ಹಿಂಗಾಲು ಶತ್ರುವಿನ ಬಾಯಿಗೆ ಸಿಕ್ಕಿತೇ? ಕಾಲನ್ನೇ ಕಳಚಿಟ್ಟು ಪಾರು! ಮರಿಯಾಗಿದ್ದಾಗ ತುಂಡಾದ ಕಾಲು ಮುಂದಿನ ತೊಗಲು ಬಿಡುವಾಗ ಮತ್ತೆ ಚಿಗುರುತ್ತದೆ. ಕಾಲು ಮರಳಿ ಬೆಳೆಯುವ ಈ ಗುಟ್ಟು ಹುಡುಕುತ್ತ ಜಪಾನಿನ ವಿಜ್ಞಾನಿಗಳು ಇದೇ ಜೀರುಂಡೆಯನ್ನು ಪ್ರಯೋಗಾಲಯದಲ್ಲಿ ಸಾಕುತ್ತಾರೆ. 2021ರಲ್ಲಿ ಇದರ ಜೀನೋಮ್ ಪೂರ್ತಿ ಪ್ರಕಟವಾಯಿತು. ಅದು 166 ಕೋಟಿ ಅಕ್ಷರಗಳಷ್ಟು ಉದ್ದ, ಮನುಷ್ಯನದರ ಅರ್ಧಕ್ಕಿಂತ ಹೆಚ್ಚು!

ಒಂದೂವರೆ ತಿಂಗಳ ಹೊತ್ತಿಗೆ ಕೊನೆಯ ತೊಗಲು ಬಿಟ್ಟು ರೆಕ್ಕೆ ಬರುತ್ತದೆ. ಕೆಲವೇ ದಿನಕ್ಕೆ ಹಾಡು ಶುರು. ಆಮೇಲೆ ಉಳಿಯುವ ಆಯುಷ್ಯ ಒಂದೆರಡು ತಿಂಗಳು. ಯುರೋಪಿನ ಸೋದರ ಚಳಿಗಾಲವಿಡೀ ಬಿಲದಲ್ಲಿ ಅರೆನಿದ್ದೆ ಮಾಡುತ್ತದೆ. ನಮ್ಮದಕ್ಕೆ ಆ ಕಟ್ಟುಪಾಡಿಲ್ಲ. ನೀರು, ಮೇವು, ಬೆಚ್ಚಗೆ ಇದ್ದರೆ ವರ್ಷವಿಡೀ ಸಂಸಾರ!

ಚಳಿ ಬಂದರೆ ಹಾಡು ನಿಧಾನ. ಜೀರುಂಡೆಯ ಮೈಬಿಸಿ ಗಾಳಿಯ ಬಿಸಿಯಷ್ಟೇ. ತಂಪಾದಂತೆ ರೆಕ್ಕೆಯೂ ಜಡ. 1897ರಲ್ಲಿ ಅಮೆರಿಕದ ಭೌತಶಾಸ್ತ್ರಜ್ಞ ಏಮಸ್ ಡಾಲ್ಬೇರ್ ಇದರಿಂದ ಒಂದು ಸೂತ್ರವನ್ನೇ ಬರೆದರು. ಅಲ್ಲಿಯ ಒಂದು ಜೀರುಂಡೆ 15 ಸೆಕೆಂಡಿನಲ್ಲಿ ಎಷ್ಟು ಸಲ ಕೂಗಿತು ಎಣಿಸಿ, 40 ಕೂಡಿಸಿ. ಬಂತು ಫ್ಯಾರನ್‌ಹೀಟ್ ತಾಪಮಾನ! ನಮ್ಮ ಹುಳುವಿಗೆ ಆ ಲೆಕ್ಕ ಕೂಡುವುದಿಲ್ಲ, ಪ್ರತಿ ಜಾತಿಗೂ ಅದರದೇ ವೇಗ. ಆದರೂ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದವರು ಸ್ವಲ್ಪ ತಡವಾಗಿ ಮರಳಿ. ಜೋಳದ ಹೊಲದಲ್ಲಿ ಆಗ ಕೇಳುವ ಕ್ರೀ... ಕ್ರೀ... ಮಳೆಗಾಲದ್ದಕ್ಕಿಂತ ಎಷ್ಟು ಸಾವಕಾಶ ಅನ್ನುವುದು ನಿಮ್ಮ ಕಿವಿಗೇ ಗೊತ್ತಾಗುತ್ತದೆ!

ಹಿಂದಿನಿಂದ ಕೈ ಚಾಚಿ ಹಿಡಿಯಲು ನೋಡಿದಿರಾ? ಛಂಗನೆ ನೆಗೆಯಿತಲ್ಲವೇ! ಬಾಲದ ಕಡೆ ಎರಡು ಎಳೆ ಚಾಚಿರುತ್ತವೆ. ಅವುಗಳ ಮೇಲೆ ನೂರಾರು ಸೂಕ್ಷ್ಮ ಕೂದಲು. ನಿಮ್ಮ ಕೈ ಸರಿಸಿದ ಗಾಳಿಯೇ ಅದಕ್ಕೆ ಸುದ್ದಿ!

ಹಗೆಗಳು ಒಬ್ಬಿಬ್ಬರಲ್ಲ. ಕಪ್ಪೆ, ಓತಿಕ್ಯಾತ, ಗೂಬೆ, ಬಾವಲಿ. ಟ್ರ್ಯಾಕ್ಟರ್ ಹೊಲ ಹರಗುವಾಗ ಹಿಂದೆ ಹಿಂದೆ ನಡೆಯುವ ಬೆಳ್ಳಕ್ಕಿಗಳು ಹೆಕ್ಕುವುದು ಇಂಥ ಹುಳುಗಳನ್ನೇ. ಲೈರಿಸ್ ಎಂಬ ಕುಲದ ಕಣಜ ಜೀರುಂಡೆಯನ್ನು ಕುಟುಕಿ ನಿಶ್ಚೇಷ್ಟಿತ ಮಾಡಿ, ಬಿಲಕ್ಕೆ ಎಳೆದೊಯ್ದು, ಅದರ ಮೇಲೆ ಮೊಟ್ಟೆ ಇಡುತ್ತದೆ. ಹುಟ್ಟುವ ಮರಿಗೆ ತಾಜಾ ಊಟ!

ಇದಕ್ಕಿಂತ ಭಯಂಕರ ಇನ್ನೊಂದಿದೆ. ಕುದುರೆಕೂದಲಿನಷ್ಟು ತೆಳ್ಳಗಿನ ಒಂದು ಬಗೆಯ ಹುಳು ಜೀರುಂಡೆಗಳ ಹೊಟ್ಟೆಯೊಳಗೆ ಬೆಳೆಯುತ್ತದೆ. ಅದು ಮೊಟ್ಟೆ ಇಡಬೇಕಾದರೆ ನೀರು ಬೇಕು. ಆಗ ಜೀರುಂಡೆಯ ಬುದ್ಧಿಯನ್ನೇ ಕೆಡಿಸುತ್ತದೆ! ಈಜು ಬಾರದ ಜೀರುಂಡೆ ತಾನಾಗಿ ಹೋಗಿ ನೀರಿಗೆ ಹಾರುತ್ತದೆ. ಒಳಗಿದ್ದ ಹುಳು ಸುರುಳಿ ಬಿಚ್ಚಿ ಹೊರಗೆ. ಫ್ರಾನ್ಸಿನ ವಿಜ್ಞಾನಿಗಳು 2002ರಲ್ಲಿ ಇದನ್ನು ಬರೆದಾಗ ಜಗತ್ತೇ ಬಾಯಿ ತೆರೆದು ನೋಡಿತು.

ಹಾಡಿದರೆ ಸಾವು ಅನ್ನುವಂಥ ಊರೂ ಇದೆ! ಹವಾಯಿಯ ಕವಾಯಿ ದ್ವೀಪದಲ್ಲಿ ಒಂದು ನೊಣ ಜೀರುಂಡೆಯ ಹಾಡು ಕೇಳಿ ಬಂದು ಅದರ ಮೇಲೆ ಮರಿ ಬಿಡುತ್ತದೆ. ಮರಿಗಳು ಒಳಹೊಕ್ಕು ತಿನ್ನುತ್ತವೆ. 2003ರಲ್ಲಿ ನೋಡಿದರೆ ಅಲ್ಲಿಯ ಬಹುಪಾಲು ಗಂಡುಗಳ ರೆಕ್ಕೆಯೇ ಮೂಕ! ಇಪ್ಪತ್ತಕ್ಕೂ ಕಡಿಮೆ ತಲೆಮಾರಿನಲ್ಲಿ ಆದ ಬದಲಾವಣೆ. ಮತ್ತೆ ಮದುವೆ ಹೇಗೆ? ಇನ್ನೂ ಹಾಡುವ ಒಂದೆರಡು ಗಂಡುಗಳ ಸುತ್ತ ಮೂಕರು ಸುಮ್ಮನೆ ಕೂತಿರುತ್ತಾರೆ. ಹಾಡು ಅವನದು, ಹೆಣ್ಣು ಇವರಿಗೆ!

ನಮ್ಮ ಕರಿ ಜೀರುಂಡೆ ಕುಸ್ತಿಯಲ್ಲೂ ಪಟು. ಎರಡು ಗಂಡು ಎದುರಾದರೆ ಮೊದಲು ಮೀಸೆಯಿಂದ ಮೀಸೆಗೆ ಬಡಿತ, ಆಮೇಲೆ ದವಡೆಗೆ ದವಡೆ. ಗೆದ್ದದ್ದು ನಿಂತು ಹಾಡುತ್ತದೆ, ಸೋತದ್ದು ಓಡುತ್ತದೆ. ಚೀನಾದಲ್ಲಿ ಈ ಕಾಳಗದ ಗೀಳು ನೂರಾರು ವರ್ಷ ಹಳೆಯದು. 13ನೇ ಶತಮಾನದ ಮಂತ್ರಿ ಜಿಯಾ ಸಿದಾವೊ ಜೀರುಂಡೆಯ ಮೇಲೆ ಗ್ರಂಥವನ್ನೇ ಬರೆಸಿದ ಅನ್ನುತ್ತಾರೆ!

ಸೋತ ಜೀರುಂಡೆ ಒಂದಿಡೀ ದಿನ ಜಗಳಕ್ಕೇ ಬರುವುದಿಲ್ಲ. ಚೀನಾದ ಪಂದ್ಯದವರು ಅದಕ್ಕೊಂದು ಮದ್ದು ಕಂಡುಕೊಂಡಿದ್ದರು. ಸೋತದ್ದನ್ನು ಅಂಗೈಯಲ್ಲಿ ಅಲುಗಾಡಿಸಿ ಮೇಲಕ್ಕೆ ತೂರುವುದು! 2000ದಲ್ಲಿ ಜರ್ಮನಿಯ ವಿಜ್ಞಾನಿಗಳು ಪರೀಕ್ಷಿಸಿದರು. ಗಾಳಿಯಲ್ಲಿ ಕೆಲಹೊತ್ತು ಹಾರಿಸಿದರೆ ಸಾಕು, ಸೋತವನು ಮತ್ತೆ ತೊಡೆ ತಟ್ಟಿ ನಿಲ್ಲುತ್ತಾನೆ!

ನೆನಪಿನ ಶಕ್ತಿಯೋ ಕೇಳಲೇಬೇಡಿ. ಒಂದು ವಾಸನೆಯ ಜೊತೆ ನೀರು ಕೊಟ್ಟು ಮರಿ ಜೀರುಂಡೆಗೆ ಪಾಠ ಕಲಿಸಿದರು, ಜಪಾನಿನಲ್ಲಿ. ಹತ್ತು ವಾರದ ಮೇಲೂ ಪಾಠ ಮರೆತಿರಲಿಲ್ಲ. ಅಂದರೆ ಅದರ ಜೀವಮಾನವಿಡೀ!

ತಿನ್ನುವವರೂ ಇದ್ದಾರೆ, ಮುಖ ಸಿಂಡರಿಸಬೇಡಿ. ಥಾಯ್ಲೆಂಡಿನಲ್ಲಿ ಸುಮಾರು 20,000 ಜೀರುಂಡೆ ಫಾರ್ಮ್‌ಗಳಿವೆ ಎಂದು ವಿಶ್ವಸಂಸ್ಥೆಯ ಆಹಾರ ಸಂಸ್ಥೆ 2013ರಲ್ಲಿ ಬರೆದಿತ್ತು. ಅಲ್ಲಿ ಸಾಕುವ ಜಾತಿಗಳಲ್ಲಿ ನಮ್ಮ ಈ ಎರಡು ಚುಕ್ಕೆಯದೂ ಒಂದು. ಹುರಿದು ಉಪ್ಪು ಹಾಕಿ ತಿನ್ನುತ್ತಾರಂತೆ, ನಾವು ಶೇಂಗಾ ತಿಂದ ಹಾಗೆ.

ಕೊನೆಗೆ ನಮ್ಮ ಕರ್ನಾಟಕದ್ದೇ ಒಂದು. ಚಿಕ್ಕಬಳ್ಳಾಪುರ ಜಿಲ್ಲೆಯ ಉಳ್ಳೋಡು ಊರಿನ ಸುತ್ತಲಿನ ಗಿಡಗಂಟಿಗಳಲ್ಲಿ ಈಕ್ಯಾಂತಸ್ ಹೆನ್ರಿ ಎಂಬ ತೆಳು ಹಸಿರು ಜೀರುಂಡೆ ಇದೆ. ನೆಲದ್ದಲ್ಲ, ಗಿಡದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ರಾತ್ರಿಗಟ್ಟಲೆ ಅದರ ಹಿಂದೆ ಬಿದ್ದರು. ಕೆಲವು ಗಂಡುಗಳು ಎಲೆಯ ನಡುವೆ ತೂತು ಕೊರೆಯುತ್ತವೆ. ತಲೆಯನ್ನು ತೂತಿನಿಂದ ಆಚೆ ಹಾಕಿ, ರೆಕ್ಕೆಯನ್ನು ಎಲೆಗೆ ಸರಿಯಾಗಿ ಹೊಂದಿಸಿ ಹಾಡುತ್ತವೆ. ದನಿ ಒಮ್ಮೆಲೇ ಜೋರು!

ತೂತು ಹೇಗೆ ಬೇಕೋ ಹಾಗೆ ಕೊರೆಯುವುದಲ್ಲ. ಎರಡು ಎಲೆ ಕೊಟ್ಟರೆ ದೊಡ್ಡದನ್ನೇ ಆರಿಸುತ್ತದೆ. ತೂತು ಎಲೆಯ ನಡುಮಧ್ಯೆ, ಅಳತೆ ತನ್ನ ರೆಕ್ಕೆಗೆ ತಕ್ಕಷ್ಟು. 2017ರಲ್ಲಿ ನತಾಶಾ ಮ್ಹಾತ್ರೆ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದರು. ಲೆಕ್ಕ ಹಾಕಿ ಕೊರೆದರೂ ಇದಕ್ಕಿಂತ ಒಳ್ಳೆಯ ತೂತು ಸಿಗುವುದು ಕಷ್ಟ!

ಈ ಕೆಲಸ ಮಾಡುವುದು ಯಾರು ಅಂದಿರಿ? ಗಟ್ಟಿ ದನಿಯ ದೊಡ್ಡ ಗಂಡುಗಳಲ್ಲ. ಸಣ್ಣ ಮೈಯ, ಮೆಲುದನಿಯವು! ಎಲೆಯ ನೆರವಿನಿಂದ ಇವು ದೊಡ್ಡವರಷ್ಟೇ ಜೋರಾಗಿ ಕೇಳಿಸುತ್ತವೆ, ಹೆಣ್ಣು ನಂಬಿ ಬರುತ್ತದೆ. ರಿತ್ತಿಕ್ ದೇಬ್ ಮತ್ತು ಸಂಗಡಿಗರು 2020ರಲ್ಲಿ ಇದನ್ನು ಪ್ರಕಟಿಸಿದರು. ಹಾಗಾಗಿ ಗಿಡದ ಎಲೆಯಲ್ಲಿ ದುಂಡನೆ ತೂತು ಕಂಡರೆ ಹುಳ ತಿಂದಿದೆ ಅಂತ ಬಯ್ಯುವ ಮೊದಲು ಸ್ವಲ್ಪ ತಡೀರಿ. ಅದು ಯಾವನೋ ಸಣ್ಣ ದನಿಯ ಗಾಯಕನ ಮೈಕ್ ಇದ್ದೀತು!